ಗಿಣಿರಾಮನ ಊಟದ ಹಟ

ಬಾಣಭಟ್ಟನ ‘ಕಾದಂಬರಿ’ಯಲ್ಲಿ ಶೂದ್ರಕ ಮಹಾರಾಜನ ಆಸ್ಥಾನಕ್ಕೆ ಒಂದು ಗಿಣಿ ಬರುತ್ತದೆಯಷ್ಟೆ. ವೈಶಂಪಾಯನನೆಂದು ಅದರ ಹೆಸರು. ಸಕಲ ಶಾಸ್ತ್ರಗಳನ್ನೂ ಬಲ್ಲ ಆ ಪಕ್ಷಿಯನ್ನು ಅಂತಃಪುರಕ್ಕೆ ಕಳುಹಿಸಿ, ತಾನೂ ಸ್ನಾನ ಭೋಜನಗಳನ್ನು ಮುಗಿಸಿ ಬಂದು ಕುಳಿತ ಅರಸನು ಅದನ್ನು ಮೊದಲು ಕೇಳುವುದು ಶಾಸ್ತ್ರದ ಪ್ರಶ್ನೆಯನ್ನಲ್ಲ. ಒಳಗೆ ರುಚಿಯಾದದ್ದೇನನ್ನಾದರೂ ತಿಂದೆಯಾ ಎಂದು. ಗಿಣಿ ತಿಂದುದರ ಪಟ್ಟಿಯನ್ನೇ ಒಪ್ಪಿಸುತ್ತದೆ: ಒಗರು ಬೆರೆತ ನೇರಳೆಹಣ್ಣಿನ ರಸ, ಕೆಂಪು ದಾಳಿಂಬೆಯ ಬೀಜ, ನೆಲ್ಲಿಯ ಜಾತಿಯ ಹಸಿರು ಹಣ್ಣು. ಇಷ್ಟು ಹೇಳಿ, ರಾಣಿಯರು ಕೈಯಾರೆ ಕೊಟ್ಟದ್ದು ಯಾವುದಾದರೂ ಅಮೃತವೇ ಎಂದು ಸೌಜನ್ಯದಿಂದ ಮುಗಿಸುತ್ತದೆ.

ಏಳನೆಯ ಶತಮಾನದ ಈ ಊಟದ ಪಟ್ಟಿಯನ್ನು ಇಂದಿನ ಪಕ್ಷಿವೈದ್ಯರ ಮುಂದಿಟ್ಟರೆ, ಹಣ್ಣು ಕೊಂಚ ಹೆಚ್ಚಾಯಿತು, ಸೊಪ್ಪು ತರಕಾರಿ ಕಾಣಿಸದು ಎಂದು ಆಕ್ಷೇಪಿಸಿಯಾರು. ಆದರೂ ಒಂದು ಕಾರಣಕ್ಕಾಗಿ ಅವರು ಬಾಣನಿಗೆ ಕೈಮುಗಿಯುವುದು ನಿಶ್ಚಯ. ಆ ಪಟ್ಟಿಯಲ್ಲಿ ಸೂರ್ಯಕಾಂತಿಯ ಬೀಜವಿಲ್ಲ. ಇರುವಂತೆಯೂ ಇರಲಿಲ್ಲ, ಆ ಗಿಡ ಅಮೆರಿಕದ್ದು. ನಮ್ಮ ಹೊಲಗಳಲ್ಲಿ ಅದು ಬೆಳೆಯಾಗಿ ನೆಲೆಯೂರಿದ್ದು 1970ರ ಆಸುಪಾಸಿನಲ್ಲಿ, ರಷ್ಯದ ತಳಿಗಳು ಬಂದ ಮೇಲೆ. ತಮಾಷೆಯೆಂದರೆ, ಗಿಣಿಗೂ ಅದಕ್ಕೂ ಜನ್ಮಾಂತರದ ನಂಟೆಂದು ನಾವು ಭಾವಿಸಿರುವ ಹಸಿಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದದ್ದು; ಗಿಣಿ ಕಚ್ಚಿದ ಸೀಬೆ ಸಿಹಿಯೆಂದು ನಾವು ಹುಡುಕಿ ತಿನ್ನುವ ಸೀಬೆಹಣ್ಣೂ ಅಲ್ಲಿಯದೇ. ವೈಶಂಪಾಯನ ಈ ಮೂರರಲ್ಲಿ ಒಂದನ್ನೂ ಕಂಡವನಲ್ಲ.

ಮುಂದುವರಿಯುವ ಮೊದಲು ಕಾನೂನಿನ ಮಾತೊಂದನ್ನು ಹೇಳಿಬಿಡಬೇಕು. ವೈಶಂಪಾಯನನ ಕುಲದ ನಮ್ಮ ನಾಡಿನ ಹಸಿರು ಗಿಣಿಗಳನ್ನು, ಕೊರಳಪಟ್ಟಿಯದಾಗಲಿ ಕೆಂಪು ಭುಜದ ದೊಡ್ಡ ಗಿಣಿಯಾಗಲಿ, ಹಿಡಿಯುವುದೂ ಮಾರುವುದೂ ಮನೆಯಲ್ಲಿಟ್ಟು ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಜಾತ್ರೆಯ ಮೂಲೆಯಲ್ಲಿ ಬುಟ್ಟಿಯೊಳಗೆ ತಂದು ಮಾರುವವನಿದ್ದಾನೆಂದ ಮಾತ್ರಕ್ಕೆ ಕೊಳ್ಳುವವನು ನಿರಪರಾಧಿಯಾಗುವುದಿಲ್ಲ. ಆದ್ದರಿಂದ ಇಲ್ಲಿ ನಾನು ಬರೆಯುತ್ತಿರುವುದು ಪಂಜರದಲ್ಲೇ ಹುಟ್ಟಿ ಬೆಳೆದ ಪರದೇಶದ ಗಿಣಿಗಳನ್ನು ಕುರಿತು: ಆಸ್ಟ್ರೇಲಿಯದ ಬಜರಿಗರ್ ಮತ್ತು ಕಾಕಟೀಲ್, ಆಫ್ರಿಕದ ಬೂದುಗಿಣಿ, ಮುಂತಾದವು. ಇವುಗಳಲ್ಲಿಯೂ ಬೂದುಗಿಣಿಯಂತಹ ಅಪಾಯದಂಚಿನ ಜಾತಿಯನ್ನು ಸಾಕುವವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಿಕೊಳ್ಳಬೇಕು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಮಗ ವಿದೇಶಕ್ಕೆ ಹೊರಟಾಗ ತನ್ನ ಬೂದುಗಿಣಿಯನ್ನು ತಂದೆತಾಯಿಗಳ ಬಳಿ ಬಿಟ್ಟುಹೋದ. ಅದಕ್ಕೆ ರಾಜಣ್ಣನೆಂದು ಹೆಸರು. ಎಂಟು ವರ್ಷದ ಪ್ರಾಯ; ಕೆಂಪು ಬಾಲ; ಯಜಮಾನರ ಕೆಮ್ಮನ್ನೂ ಕುಕ್ಕರಿನ ಸಿಳ್ಳನ್ನೂ ಒಂದೇ ನಿಷ್ಠೆಯಿಂದ ಅನುಕರಿಸುವ ಶಕ್ತಿ. ಮಗ ಫೋನು ಮಾಡಿದಾಗಲೆಲ್ಲ ತಾಯಿಯನ್ನು ವಿಚಾರಿಸುವ ಮುನ್ನ ರಾಜಣ್ಣನನ್ನು ವಿಚಾರಿಸುತ್ತಾನೆಂದು ಆಕೆ ಒಮ್ಮೆ ನಗುತ್ತ ಹೇಳಿದರು. ನಗೆಯಲ್ಲಿ ಸ್ವಲ್ಪ ಬೇರೆಯದೂ ಇತ್ತು. ಈ ರಾಜಣ್ಣ ತಿನ್ನುತ್ತಿದ್ದುದು ಸೂರ್ಯಕಾಂತಿಯ ಬೀಜ, ಶೇಂಗಾ, ಇವೆರಡನ್ನೇ. ಬಟ್ಟಲಿನಲ್ಲಿ ಹತ್ತು ಬಗೆಯ ಧಾನ್ಯ ಬೆರೆಸಿಟ್ಟರೆ ಎಂಟನ್ನು ಕೊಕ್ಕಿನಿಂದ ಗುಡಿಸಿ ನೆಲಕ್ಕೆ ಚೆಲ್ಲಿ ಇವೆರಡನ್ನು ಆರಿಸಿಕೊಳ್ಳುತ್ತಿತ್ತು. ಕ್ಯಾರೆಟ್ ತುಂಡನ್ನು ಕಂಡರೆ ಪಂಜರದ ಹಿಂದಿನ ಮೂಲೆಗೆ ಸರಿದು ರೆಕ್ಕೆ ಬಿಗಿಹಿಡಿಯುತ್ತಿತ್ತು.

“ಅವನಿಗೆ ಸೇರೋದೇ ಅದು ಮೇಷ್ಟ್ರೇ. ಬಾಯಿಬಿಟ್ಟು ಕೇಳೋನಿಗೆ ಇಲ್ಲ ಅನ್ನೋಕಾಗತ್ತಾ?” ಎಂದು ಆಕೆ. “ಎಲ್ಲ ಇವಳ ಮುದ್ದಿನಿಂದಲೇ ಕೆಟ್ಟಿದ್ದು. ಎರಡು ದಿನ ಉಪವಾಸ ಕೆಡವಿ, ತಾನೇ ದಾರಿಗೆ ಬರ್ತಾನೆ” ಎಂದು ಯಜಮಾನರು.

ಗಿಣಿ ಸಾಕಿದ ಮನೆಗಳಲ್ಲೆಲ್ಲ ಈ ಎರಡು ಪಕ್ಷಗಳು ಇದ್ದೇ ಇರುತ್ತವೆ. ನನ್ನ ದೃಷ್ಟಿಯಲ್ಲಿ ಮೊದಲನೆಯ ಪಕ್ಷ ಪಕ್ಷಿಯನ್ನು ವರ್ಷಗಳ ಮೇಲೆ ಕೊಲ್ಲುತ್ತದೆ. ಎರಡನೆಯದು ದಿನಗಳ ಮೇಲೆ ಕೊಲ್ಲುತ್ತದೆ.

ವರ್ಷಗಳ ಮೇಲೆ ಕೊಲ್ಲುವ ಬಗೆಯನ್ನು ಮೊದಲು ನೋಡೋಣ. ಸಿಪ್ಪೆ ಸುಲಿದ ಸೂರ್ಯಕಾಂತಿ ಬೀಜದ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಎಣ್ಣೆ. ಶೇಂಗಾದ ಲೆಕ್ಕವೂ ಬಹುತೇಕ ಅಷ್ಟೇ. ಎರಡರಲ್ಲಿಯೂ ಎ ಜೀವಸತ್ತ್ವ ಇಲ್ಲವೆಂದೇ ಹೇಳಬಹುದು. ಸುಣ್ಣದಂಶ, ಎಂದರೆ ಕ್ಯಾಲ್ಸಿಯಂ, ಅತ್ಯಲ್ಪ. ಅದಕ್ಕೆ ಎಷ್ಟೋ ಪಾಲು ಹೆಚ್ಚು ರಂಜಕ. ಕಾಡಿನ ಗಿಣಿ ಈ ಬಗೆಯ ಬೀಜವನ್ನು ತಿಂದರೂ ದಿನದ ಹಲವು ಗಂಟೆಗಳನ್ನು ಮೇವಿನ ಶೋಧದಲ್ಲಿ ಕಳೆಯುತ್ತದೆ, ಮೈಲುಗಟ್ಟಲೆ ಹಾರುತ್ತದೆ. ಪಂಜರದ ಗಿಣಿಯ ಪ್ರವಾಸ ಒಂದು ಸಲಾಕೆಯಿಂದ ಇನ್ನೊಂದು ಸಲಾಕೆಗೆ. ಮಿಗುವ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗುತ್ತದೆ. ಎ ಜೀವಸತ್ತ್ವದ ಅಭಾವದಿಂದ ಬಾಯಿ, ಮೂಗು, ಗಂಟಲುಗಳ ಒಳಪೊರೆ ದಪ್ಪಗಟ್ಟಿ ಬಿಳಿಯ ಮಚ್ಚೆಗಳೇಳುತ್ತವೆ. ಕಣ್ಣಿನ ಸುತ್ತ ಊತ, ಮೂಗಿನಲ್ಲಿ ಸ್ರಾವ, ಉಸಿರಾಟದ ಸೋಂಕು ಒಂದರ ಹಿಂದೊಂದು. ಬೂದುಗಿಣಿಗಂತೂ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಸೆಳವು ಬರುವ ದೌರ್ಬಲ್ಯ ಇತರ ಗಿಣಿಗಳಿಗಿಂತ ಹೆಚ್ಚು. ನಿನ್ನೆಯವರೆಗೆ ಸಿಳ್ಳು ಹಾಕುತ್ತಿದ್ದ ಪಕ್ಷಿ ಇಂದು ಸಲಾಕೆಯಿಂದ ಕೆಳಗೆ ಬಿದ್ದು ಒದ್ದಾಡುವುದು ಹೀಗೆಯೇ.

ರಾಜಣ್ಣನನ್ನು ವೈದ್ಯರಲ್ಲಿಗೆ ಒಯ್ದದ್ದು ಕೊಕ್ಕು ಅತಿಯಾಗಿ ಬೆಳೆಯಿತೆಂಬ ಕಾರಣಕ್ಕೆ. ಸವೆಸಿ ಕಳಿಸಿಯಾರೆಂದು ಇವರ ನಿರೀಕ್ಷೆ. ವೈದ್ಯರು ಕೊಕ್ಕನ್ನು ಆಮೇಲೆ ನೋಡಿದರು. ಮೊದಲು ಬಾಯಿ ತೆರೆಸಿ ದೀಪ ಹಿಡಿದರು, ತೂಗಿದರು, ರಕ್ತ ತೆಗೆದರು. ಕೊಕ್ಕು ಹಾಗೆ ಬೆಳೆಯುವುದು ಯಕೃತ್ತು ಕೆಟ್ಟಿರುವುದರ ಗುರುತಾಗಿರಬಹುದಂತೆ. ತೂಕ 540 ಗ್ರಾಂ. ಪರೀಕ್ಷೆಯ ಫಲ ಬಂದಾಗ ಯಕೃತ್ತಿನ ತೊಂದರೆ ಖಚಿತವಾಯಿತು. ಹೀಗೆಯೇ ಬಿಟ್ಟರೆ ಎಷ್ಟು ದಿನ ಎಂದು ಆಕೆ ಕೇಳಿದರಂತೆ. ವೈದ್ಯರು ದಿನ ಹೇಳಲಿಲ್ಲ. ಊಟ ಬದಲಾಗಬೇಕು, ಆದರೆ ಅವಸರದಿಂದ ಬದಲಾಗಕೂಡದು ಎಂದಷ್ಟೇ ಹೇಳಿ ಕಳುಹಿಸಿದರು.

ಅವಸರ ಏಕೆ ಕೂಡದೆಂಬುದು ಈ ವಿಷಯದ ಜೀವಾಳ. ‘ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು’ ಎಂಬ ಗಾದೆ ಮನುಷ್ಯರ ಮಟ್ಟಿಗೆ ಸತ್ಯವಿರಬಹುದು. ಗಿಣಿಯ ಮಟ್ಟಿಗೆ ಅದು ಅಪಾಯಕಾರಿ. ಕ್ಯಾರೆಟ್ಟನ್ನು ಒಲ್ಲದ ಗಿಣಿ, ಅದು ರುಚಿಯಿಲ್ಲವೆಂದು ಒಲ್ಲದೆ ಇರುವುದಲ್ಲ. ಅದು ಆಹಾರವೆಂದೇ ಅದಕ್ಕೆ ತಿಳಿಯದು. ನಮ್ಮ ಮುಂದೆ ಯಾರಾದರೂ ಬಣ್ಣದ ಪೆನ್ಸಿಲಿನ ತುಂಡುಗಳನ್ನು ಎಲೆಯ ಮೇಲೆ ಬಡಿಸಿ, ಹಸಿವಾದರೆ ತಿನ್ನುತ್ತಾನೆ ಬಿಡಿ ಎಂದು ಕಾದು ಕುಳಿತರೆ ನಮಗೇನನಿಸೀತೋ ಅದು ಅದಕ್ಕೆ ಅನಿಸುತ್ತದೆ. ಹೊಸ ವಸ್ತುವನ್ನು ಕಂಡು ಹೆದರುವುದು ಕಾಡಿನಲ್ಲಿ ಅದರ ಪ್ರಾಣವನ್ನುಳಿಸುವ ಗುಣ. ಯಾವುದು ತಿನ್ನತಕ್ಕದ್ದೆಂಬುದನ್ನು ಅದು ಮರಿಯಾಗಿದ್ದಾಗ ತಂದೆತಾಯಿಯ ಕೊಕ್ಕಿನಿಂದಲೂ ಹಿಂಡಿನ ನಡುವಿನಿಂದಲೂ ಕಲಿಯುತ್ತದೆ.

ಬಾಣನು ಇದನ್ನೂ ಕಂಡಿದ್ದ. ವೈಶಂಪಾಯನ ತನ್ನ ಬಾಲ್ಯವನ್ನು ಹೇಳುವಲ್ಲಿ ಬೂರುಗದ ಮರದ ಪೊಟರೆಯೊಂದು ಬರುತ್ತದೆ. ಹೆತ್ತ ಕೂಡಲೆ ತಾಯಿ ಸತ್ತಿದ್ದಾಳೆ. ತಂದೆಗೆ ಮುಪ್ಪು, ರೆಕ್ಕೆಗಳಲ್ಲಿ ಹಾರುವ ಶಕ್ತಿಯಿಲ್ಲ. ಇತರ ಗೂಡುಗಳಿಂದ ಉದುರಿದ ತೆನೆಗಳ ಅಕ್ಕಿಕಾಳನ್ನೂ, ಬೇರೆ ಗಿಣಿಗಳು ಕಚ್ಚಿ ಕೆಡವಿದ ಹಣ್ಣಿನ ಚೂರನ್ನೂ ಮರದ ಬುಡದಲ್ಲಿ ಆಯ್ದು ತಂದು, ಆ ಮುದುಕ ಮರಿಯ ಬಾಯಿಗಿಡುತ್ತಾನೆ. ಮರಿ ತಿಂದು ಮಿಕ್ಕುದರಲ್ಲಿ ತನ್ನ ಊಟ. ಓದಿದವರ ಗಂಟಲು ಕಟ್ಟುವ ಭಾಗವದು. ಆದರೆ ಅದರೊಳಗೆ ಒಂದು ಪಾಠವೂ ನಡೆದಿದೆ: ಅಕ್ಕಿ ಅನ್ನವೆಂದೂ ಹಣ್ಣು ಅನ್ನವೆಂದೂ ಮರಿಗೆ ಮನದಟ್ಟಾಗುತ್ತಿದೆ. ಪಂಜರದಲ್ಲಿ ಹುಟ್ಟಿ, ಅಂಗಡಿಯ ಬೀಜದ ಚೀಲದ ಮೇಲೆ ಬೆಳೆದ ಗಿಣಿಗೆ ಈ ಪಾಠ ಹೇಳಿದವರು ಯಾರು? ಹಟಮಾರಿಯೆಂದು ನಾವು ಬಯ್ಯುವ ಪಕ್ಷಿ ವಾಸ್ತವವಾಗಿ ಒಂದೇ ಪುಟ ಓದಿದ ವಿದ್ಯಾರ್ಥಿ. ಅಂಥವರನ್ನು ನಾನು ತರಗತಿಯಲ್ಲಿ ಬಲ್ಲೆ. ಗದರಿಸಿದರೆ ಆ ಪುಟವನ್ನೂ ಮರೆಯುತ್ತಾರೆ.

ಹೀಗಿರುವಾಗ ಬೀಜವನ್ನು ಥಟ್ಟನೆ ತೆಗೆದುಬಿಟ್ಟರೆ ಗಿಣಿ ತುಂಬಿದ ಬಟ್ಟಲಿನೆದುರು ಹಸಿದು ಸಾಯಬಲ್ಲದು. ಮೂವತ್ತು ನಾಲ್ವತ್ತು ಗ್ರಾಂ ತೂಗುವ ಬಜರಿಗರ್‌ಗೆ ಒಂದೆರಡು ದಿನದ ನಿರಾಹಾರವೇ ಪ್ರಾಣಾಂತಿಕ. ಯಕೃತ್ತಿನಲ್ಲಿ ಮೊದಲೇ ಕೊಬ್ಬು ತುಂಬಿದ ದೊಡ್ಡ ಗಿಣಿಗೂ ಉಪವಾಸ ವಿಷವೇ; ಹಸಿದ ದೇಹ ತನ್ನ ಕೊಬ್ಬನ್ನು ಕರಗಿಸಿ ಅದೇ ಯಕೃತ್ತಿಗೆ ಹೊರಿಸುತ್ತದೆ. ಮೇಲಾಗಿ ಪಕ್ಷಿಗಳು ಕಾಯಿಲೆಯನ್ನು ಅಡಗಿಸುವುದರಲ್ಲಿ ನಿಪುಣ. ದುರ್ಬಲವೆಂದು ಕಂಡ ಕ್ಷಣ ಹದ್ದಿಗೆ ತುತ್ತಾಗುವ ಕುಲದಲ್ಲಿ ಹುಟ್ಟಿದ್ದು. ನೆಟ್ಟಗೆ ನಿಲ್ಲಲಾರದ ಘಳಿಗೆಯವರೆಗೂ ನೆಟ್ಟಗೆ ನಿಂತಿರುತ್ತದೆ. ಆದ್ದರಿಂದ ನಮ್ಮ ಕಣ್ಣನ್ನು ನಂಬುವಂತಿಲ್ಲ. ನಂಬಬೇಕಾದದ್ದು ತಕ್ಕಡಿಯನ್ನು.

ಗ್ರಾಮಿನ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿಯೊಂದು ಈ ಇಡೀ ಸಾಹಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ. ಅದರ ಮೇಲೆ ಒಂದು ಸಣ್ಣ ಕೋಲನ್ನು ನಿಲ್ಲಿಸಿದರೆ ಗಿಣಿ ತಾನಾಗಿಯೇ ಹತ್ತಿ ಕೂರುವುದನ್ನು ಕಲಿಯುತ್ತದೆ. ಪ್ರತಿದಿನ ಬೆಳಿಗ್ಗೆ ಹಿಕ್ಕೆ ಹಾಕಿದ ಮೇಲೆ, ಊಟಕ್ಕೆ ಮುಂಚೆ, ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಕೆಲವೇ ದಿನಗಳಲ್ಲಿ ತೂಕ ಹತ್ತನೆಯ ಒಂದು ಪಾಲಿನತ್ತ ಇಳಿಯುತ್ತಿದ್ದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ, ಹಳೆಯ ಬೀಜವನ್ನೇ ಕೊಟ್ಟು ವೈದ್ಯರನ್ನು ಕಾಣತಕ್ಕದ್ದು. 450 ಗ್ರಾಮಿನ ಪಕ್ಷಿಗೆ ಹತ್ತನೆಯ ಒಂದು ಪಾಲೆಂದರೆ 45 ಗ್ರಾಂ. ತೊಂಬತ್ತು ಗ್ರಾಮಿನ ಕಾಕಟೀಲಿಗೆ ಕೇವಲ ಒಂಬತ್ತು. ಕೈಯಲ್ಲಿ ಹಿಡಿದು ಅಂದಾಜು ಮಾಡುತ್ತೇನೆನ್ನುವವರು ಈ ಒಂಬತ್ತನ್ನು ನೆನಪಿಡಲಿ. ಜೊತೆಗೆ ಹಿಕ್ಕೆಯನ್ನೂ ನೋಡಬೇಕು. ತಿಂದ ಪಕ್ಷಿಯ ಹಿಕ್ಕೆಗೆ ಗಾತ್ರವಿರುತ್ತದೆ. ತಿಂದಂತೆ ನಟಿಸಿ ಚೆಲ್ಲಿದ ಪಕ್ಷಿಯದು ಅತಿ ಸ್ವಲ್ಪವಾಗಿ ಕಡುಹಸಿರಾಗುತ್ತದೆ. ಬಟ್ಟಲು ಭರ್ತಿ ಕಂಡರೂ ಒಮ್ಮೆ ಊದಿ ನೋಡಿ. ಮೇಲೆಲ್ಲ ಬರಿಯ ಹೊಟ್ಟು ಕುಳಿತು, ಕಾಳಿದೆಯೆಂಬ ಭ್ರಮೆಯನ್ನು ಹುಟ್ಟಿಸಿರುವುದುಂಟು.

ಇನ್ನು ಏನನ್ನು ಕೊಡಬೇಕು? ಗಿಣಿಯೆಂಬುದು ಒಂದು ಜಾತಿಯಲ್ಲ. ಲೋಕದಲ್ಲಿ ಸುಮಾರು ನಾನೂರು ಬಗೆಯ ಗಿಣಿಗಳಿವೆ. ಹೂವಿನ ಮಕರಂದವನ್ನೇ ನಂಬಿದ ಲೋರಿಗೂ ಹುಲ್ಲಿನ ಬೀಜ ಹೆಕ್ಕುವ ಬಜರಿಗರ್‌ಗೂ ಒಂದೇ ಪಥ್ಯ ಹೇಳುವುದು ಹಸುವಿಗೂ ಬೆಕ್ಕಿಗೂ ಒಂದೇ ಗೋದಲಿ ಕಟ್ಟಿದಂತೆ. ಬಜರಿಗರ್, ಕಾಕಟೀಲ್‌ಗಳಿಗೆ ಸಣ್ಣ ಧಾನ್ಯ ಸಹಜಾಹಾರವೇ. ನಮ್ಮ ನವಣೆ, ಸಾಮೆ, ಸಜ್ಜೆಗಳಲ್ಲಿ ಸೂರ್ಯಕಾಂತಿಯ ಕೊಬ್ಬಿಲ್ಲ. ಹೊರದೇಶಗಳ ಅಂಗಡಿಗಳಲ್ಲಿ ಪಕ್ಷಿಗಳಿಗೆಂದು ಹೆಚ್ಚು ಬೆಲೆಗೆ ಮಾರುವ ತೆನೆ ನಮ್ಮ ನವಣೆಯ ತೆನೆಯೇ ಎಂದು ಕೇಳಿದರೆ ಚಿತ್ರದುರ್ಗದ ಕಡೆಯ ರೈತರು ನಕ್ಕಾರು. ಹಾಗೆಂದು ಬರಿಯ ನವಣೆಯೂ ಸಾಲದು. ಎ ಜೀವಸತ್ತ್ವವೂ ಸುಣ್ಣದಂಶವೂ ಸೊಪ್ಪು ತರಕಾರಿಯಿಂದಲೇ ಬರಬೇಕು. ಬೂದುಗಿಣಿಯಂತಹ ದೊಡ್ಡ ಪಕ್ಷಿಗಳಿಗಾದರೋ, ಸಮತೂಕ ಮಾಡಿ ಅಚ್ಚೊತ್ತಿದ ಪೆಲೆಟ್ ಎಂಬ ಸಿದ್ಧ ಆಹಾರ ಅರ್ಧಕ್ಕಿಂತ ಹೆಚ್ಚಿದ್ದು, ಉಳಿದುದರಲ್ಲಿ ಬಹುಪಾಲು ತರಕಾರಿ, ಸ್ವಲ್ಪ ಹಣ್ಣು, ಬೆರಳೆಣಿಕೆಯ ಬೀಜ ಎಂಬುದು ಪಕ್ಷಿವೈದ್ಯರಲ್ಲಿ ಬಹುಮಂದಿಯ ಮತ. ಪೆಲೆಟ್ಟಿನ ಹೆಚ್ಚುಗಾರಿಕೆ ಅದರ ರುಚಿಯಲ್ಲಿಲ್ಲ. ಪ್ರತಿ ತುಣುಕೂ ಒಂದೇ ಆಗಿರುವುದರಿಂದ ಆರಿಸಿ ತಿನ್ನಲು ಅವಕಾಶವಿಲ್ಲ ಎಂಬಲ್ಲಿದೆ. ಎಲ್ಲ ಊರುಗಳಲ್ಲಿಯೂ ಅದು ಸಿಕ್ಕುವುದಿಲ್ಲ, ಬೆಲೆಯೂ ಅಗ್ಗವಲ್ಲ ಎಂಬ ಮಾತು ಸರಿಯೇ. ಅದು ದೊರೆಯದ ಕಡೆ ವೈದ್ಯರನ್ನು ಕೇಳಿ ಮನೆಯ ಅಡುಗೆಯಿಂದಲೇ ಹೊಂದಿಸಿಕೊಳ್ಳಬೇಕಾಗುತ್ತದೆ.

ಮನೆಯ ಅಡುಗೆಯೆಂದಾಗ ನಮ್ಮ ನಾಡು ಬಡವಲ್ಲ. ನುಗ್ಗೆಸೊಪ್ಪಿನಲ್ಲಿ ಸುಣ್ಣವೂ ಇದೆ, ದೇಹದಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡುವ ಅಂಶವೂ ಇದೆ. ಸಿಹಿಗುಂಬಳ, ಕ್ಯಾರೆಟ್, ಬೇಯಿಸಿದ ಗೆಣಸು, ಪರಂಗಿಹಣ್ಣು, ಕೆಂಪು ದೊಣ್ಣೆಮೆಣಸಿನಕಾಯಿ, ಮೆಂತ್ಯ, ಕೊತ್ತಂಬರಿ ಎಲ್ಲವೂ ಉತ್ತಮ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಗಿಲಾದ ಕ್ಯಾಲ್ಸಿಯಂ ಇದೆ. ಉಪ್ಪಿಲ್ಲದೆ ಕಟ್ಟಿದ ನೆಲ್ಲಿಕಾಯಿ ಗಾತ್ರದ ಮುದ್ದೆ ಗಿಣಿಗೆ ಒಪ್ಪುವ ತಿಂಡಿ. ಹೆಸರುಕಾಳಿನ ಮೊಳಕೆ ಒಳ್ಳೆಯದು. ಉಳಿದ ಬೇಳೆಕಾಳುಗಳನ್ನು ಹಸಿಯಾಗಿ ಕೊಡದೆ ಬೇಯಿಸಿಯೇ ಕೊಡಬೇಕು. ಪಂಜರದಲ್ಲಿ ಒಂದು ತುಂಡು ಸಮುದ್ರಫೇನವನ್ನು ಕಟ್ಟಿದರೆ ಕೊಕ್ಕಿಗೆ ಕೆಲಸ, ಮೂಳೆಗೆ ಸುಣ್ಣ. ಬೆಳಗಿನ ಎಳೆಬಿಸಿಲು ಮೈಮೇಲೆ ಬೀಳದಿದ್ದರೆ ಆ ಸುಣ್ಣವೂ ಸರಿಯಾಗಿ ಮೈಗೆ ಹತ್ತದು. ಗಾಜಿನ ಕಿಟಕಿಯ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ. ಹಸಿಮೆಣಸಿನಕಾಯಿಗೆ ಅಡ್ಡಿಯಿಲ್ಲ. ನಮ್ಮ ನಾಲಿಗೆಯನ್ನು ಸುಡುವ ಖಾರದ ಅಂಶವನ್ನು ಗ್ರಹಿಸುವ ವ್ಯವಸ್ಥೆ ಪಕ್ಷಿಗಳಲ್ಲಿ ಹಾಗೆ ಕೆಲಸ ಮಾಡುವುದಿಲ್ಲ; ಗಿಣಿ ಮೆಣಸಿನಕಾಯಿ ತಿನ್ನುವುದು ಶೌರ್ಯವಲ್ಲ, ಅದಕ್ಕೆ ಉರಿಯೇ ತಿಳಿಯದು.

ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ ಟೀ, ಈರುಳ್ಳಿ ಬೆಳ್ಳುಳ್ಳಿ, ಉಪ್ಪು ಖಾರ ಹಚ್ಚಿದ ಕುರುಕಲುಗಳನ್ನು ಹತ್ತಿರವೂ ಸುಳಿಯಗೊಡಬೇಡಿ; ಬೆಣ್ಣೆಹಣ್ಣಂತೂ ಗಿಣಿಗೆ ನೇರ ವಿಷ. ಬೂಸಲು ಹಿಡಿದ ಶೇಂಗಾ ಇನ್ನೊಂದು ವಿಷ. ಅಡುಗೆಮನೆಯಲ್ಲಿ ಪಂಜರವಿಟ್ಟವರು ಇನ್ನೂ ಒಂದನ್ನು ತಿಳಿದಿರಬೇಕು: ಅಂಟದ ಲೇಪನದ ಬಾಣಲೆ ಅತಿಯಾಗಿ ಕಾದಾಗ ಬರುವ, ನಮಗೆ ವಾಸನೆಯೂ ತಿಳಿಯದ ಹೊಗೆ ನಿಮಿಷಗಳಲ್ಲಿ ಪಕ್ಷಿಯನ್ನು ಕೊಲ್ಲುತ್ತದೆ.

ಕೊಡಬೇಕಾದ್ದನ್ನು ಹೇಳುವುದು ಸುಲಭ. ತಿನ್ನಿಸುವುದು ಹೇಗೆಂಬುದಲ್ಲವೆ ಪ್ರಶ್ನೆ? ರಾಜಣ್ಣನ ಮನೆಯಲ್ಲಿ ಮೊದಲು ಮಾಡಿದ ಬದಲಾವಣೆ ಬೀಜದ್ದಲ್ಲ, ಹೊತ್ತಿನದು. ಗಿಣಿಗಳು ಸಹಜವಾಗಿ ಬೆಳಿಗ್ಗೆ ಮತ್ತು ಸಂಜೆ ಚೆನ್ನಾಗಿ ಮೇಯುತ್ತವೆ. ಇಪ್ಪತ್ತನಾಲ್ಕು ಗಂಟೆಯೂ ಬೀಜದ ಬಟ್ಟಲು ತುಂಬಿದ್ದರೆ ಹೊಸದನ್ನು ಮೂಸಿ ನೋಡುವ ಅಗತ್ಯವೇ ಬಾರದು. ಅಲ್ಲಿ ಬೆಳಗಿನ ಮೊದಲ ಒಂದು ಗಂಟೆ ಹೊಸ ತಿನಿಸು. ಆಮೇಲೆ ಅಳತೆಯ ಬೀಜ. ಸಂಜೆ ಮತ್ತೆ ಹೀಗೆಯೇ. ಬೀಜದ ಅಳತೆ ವಾರಕ್ಕಿಷ್ಟು ಎಂದು ತಕ್ಕಡಿ ಒಪ್ಪಿದ ಹಾಗೆ ಇಳಿಯಿತು. ಮೊದಲ ಹತ್ತು ದಿನ ಸಿಹಿಗುಂಬಳದ ತುರಿ ಇಟ್ಟಂತೆಯೇ ವಾಪಸು ಬಂತು. ಇಲ್ಲಿಯೇ ಹಲವರು ಕೈಚೆಲ್ಲುವುದು. ಹತ್ತು ದಿನ ಗಿಣಿಯ ಲೆಕ್ಕದಲ್ಲಿ ಏನೂ ಅಲ್ಲ. ಇಪ್ಪತ್ತನೆಯ ದಿನ ಅದು ಮೊದಲ ಸಲ ನೋಡಬಹುದು, ನಲವತ್ತನೆಯ ದಿನ ಮುಟ್ಟಬಹುದು.

ಗಿಣಿಯ ನಾಲಿಗೆಯಲ್ಲಿ ರುಚಿಮೊಗ್ಗುಗಳು ಕೆಲವು ನೂರು ಮಾತ್ರ; ನಮ್ಮಲ್ಲಿ ಸಾವಿರಗಟ್ಟಲೆ. ಆದ್ದರಿಂದ ಅದು ಬಹುಪಾಲು ಬಣ್ಣ, ಆಕಾರ, ಕೊಕ್ಕಿಗೆ ಸಿಗುವ ಹದಗಳಿಂದ ತಿನಿಸನ್ನು ಅಳೆಯುತ್ತದೆ. ತುರಿದಾಗ ಒಲ್ಲದ ಕ್ಯಾರೆಟ್ಟನ್ನು ಕಡ್ಡಿಯಂತೆ ಸೀಳಿದಾಗ ಹಿಡಿದೀತು. ಬಟ್ಟಲಿನ ಸೊಪ್ಪನ್ನು ಕಣ್ಣೆತ್ತಿ ನೋಡದ್ದು, ನೀರು ಚಿಮುಕಿಸಿ ಪಂಜರದ ಛಾವಣಿಗೆ ಗೊಂಚಲು ಕಟ್ಟಿದರೆ ಅದರೊಳಗೆ ಹೊರಳಿ ಮಿಂದು, ಮೀಯುತ್ತ ಮೀಯುತ್ತ ಕಚ್ಚೀತು. ರಾಜಣ್ಣನಿಗೆ ಮೊದಲು ಒಲಿದದ್ದು ರಾಗಿಮುದ್ದೆ. ಅದೂ ಆಕೆಯ ಯುಕ್ತಿಯಿಂದ: ಸಣ್ಣ ಉಂಡೆಯೊಳಗೆ ಸೂರ್ಯಕಾಂತಿಯ ಬೀಜಗಳನ್ನು ಅರ್ಧ ಕಾಣುವಂತೆ, ಅರ್ಧ ಹೂತಂತೆ ಸಿಕ್ಕಿಸಿದರು. ಬೀಜ ಕೀಳುವಾಗ ಕೊಕ್ಕಿಗೆ ಮುದ್ದೆ ಮೆತ್ತಿತು. ಮೆತ್ತಿದ್ದನ್ನು ಸಲಾಕೆಗೆ ಒರೆಸಿತು, ಮರುದಿನವೂ ಒರೆಸಿತು, ಒಂದು ದಿನ ಒರೆಸಲಿಲ್ಲ.

ಇನ್ನೊಂದು ಉಪಾಯ ಯಜಮಾನರ ಪಾಲಿಗೆ ಬಂತು. ತಂದೆಯ ಕೊಕ್ಕಿನಿಂದ ಕಲಿಯಬೇಕಾಗಿದ್ದ ಪಾಠವನ್ನು ಈಗ ಯಾರಾದರೂ ಹೇಳಿಕೊಡಬೇಕಷ್ಟೆ. ಪಂಜರದೆದುರು ಕುರ್ಚಿ ಹಾಕಿಕೊಂಡು, ಪರಂಗಿಹಣ್ಣಿನ ಬಟ್ಟಲು ಹಿಡಿದು, ಗಿಣಿಗೆ ಒಂದು ಚೂರನ್ನೂ ಕೊಡದೆ, ಅತ್ತ ನೋಡದೆ, ಸವಿಸವಿದು ತಿನ್ನಬೇಕು. ಉಪವಾಸದ ಪಕ್ಷದವರಾಗಿದ್ದ ಅವರು ಈ ಕಾರ್ಯವನ್ನು ಶ್ರದ್ಧೆಯಿಂದ ನಡೆಸಿದರು. ಹದಿನೈದು ದಿನಗಳಲ್ಲಿ ಅವರ ತೂಕ ಹೆಚ್ಚಿತೆಂದು ಆಕೆಯ ದೂರು. ರಾಜಣ್ಣ ಮೊದಲು ಕುತ್ತಿಗೆ ಚಾಚಿತು, ಆಮೇಲೆ ಕೆಮ್ಮಿತು, ಕೊನೆಗೆ ಸಲಾಕೆಯನ್ನು ಕೊಕ್ಕಿನಿಂದ ಬಡಿಯಿತು. ಕೊಟ್ಟಾಗ ತೆಗೆದುಕೊಂಡು ನೆಲಕ್ಕೆಸೆಯಿತು. ಎಸೆಯುವುದೂ ಪ್ರಗತಿಯೇ, ಎಸೆಯಲು ಮುಟ್ಟಬೇಕಲ್ಲ.

ಬೂದುಗಿಣಿಯ ಈ ಸ್ವಭಾವಕ್ಕೆ ಲೋಕಪ್ರಸಿದ್ಧ ಸಾಕ್ಷಿಯಿದೆ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಂಗಡಿಯೊಂದರಿಂದ ಕೊಂಡು ತಂದು, 2007ರಲ್ಲಿ ಅದು ಸಾಯುವವರೆಗೆ ಮೂವತ್ತು ವರ್ಷ ಪಾಠ ಹೇಳಿದ ಅಲೆಕ್ಸ್ ಎಂಬ ಗಿಣಿ, ಬಾಳೆಹಣ್ಣು ಬೇಕೆಂದು ಬಾಯಿಬಿಟ್ಟು ಕೇಳುತ್ತಿತ್ತು. ಬದಲಿಗೆ ಬೇರೇನನ್ನಾದರೂ ಕೊಟ್ಟರೆ ಸುಮ್ಮನೆ ದಿಟ್ಟಿಸಿ ಮತ್ತೆ ಬಾಳೆಹಣ್ಣನ್ನೇ ಕೇಳುತ್ತಿತ್ತು, ಇಲ್ಲವೆ ಕೊಟ್ಟದ್ದನ್ನು ಎಸೆಯುತ್ತಿತ್ತು. ಸೇಬಿಗೆ ಹೇಳಿಕೊಟ್ಟ ಹೆಸರನ್ನು ಬಿಟ್ಟು, ತನಗೆ ತಿಳಿದ ಬಾಳೆ ಮತ್ತು ಚೆರ್ರಿಗಳ ಇಂಗ್ಲಿಷ್ ಹೆಸರುಗಳನ್ನು ಕೂಡಿಸಿದಂತೆ ‘ಬನೆರಿ’ ಎಂದು ಹೊಸ ಶಬ್ದವನ್ನೇ ಕಟ್ಟಿತು. ಕಾಣದ ಹಣ್ಣನ್ನು ಕಂಡ ಹಣ್ಣಿನ ಮೂಲಕ ಅರಿಯುವ ಈ ಕ್ರಮವೇ ಊಟದಲ್ಲಿಯೂ ನಡೆಯುತ್ತದೆ. ಹಳೆಯದರ ಹೆಗಲ ಮೇಲೆ ಕೂರಿಸಿಯೇ ಹೊಸದನ್ನು ಒಳಗೆ ಕರೆತರಬೇಕು. ಬೀಜದ ಗಾತ್ರಕ್ಕೆ ಪುಡಿಮಾಡಿದ ಪೆಲೆಟ್ಟು, ಬೀಜದ ಪುಡಿ ಸವರಿದ ಗುಂಬಳ, ಇಂಥವು.

ಆಹಾರವನ್ನು ಸಂಪಾದಿಸುವ ಶ್ರಮವನ್ನೂ ಗಿಣಿಗೆ ಹಿಂದಿರುಗಿಸಬೇಕು. ಮುತ್ತುಗದ ದೊನ್ನೆಯಲ್ಲಿಟ್ಟು ಬಾಯಿ ಮಡಿಚಿದ ಪೆಲೆಟ್, ಜೋಳದ ಸೋಗೆಯಲ್ಲಿ ಸುತ್ತಿದ ಹುರುಳಿಕಾಯಿ, ಇವನ್ನು ಬಿಚ್ಚುವುದರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಬೇಸರದಿಂದ ತನ್ನ ಗರಿಯನ್ನು ತಾನೇ ಕೀಳುವ ಚಾಳಿಯೂ ಇದರಿಂದ ತಗ್ಗುವುದುಂಟು. ಇನ್ನು ಸೂರ್ಯಕಾಂತಿ? ಅದನ್ನು ಮನೆಯಿಂದ ಗಡೀಪಾರು ಮಾಡಬೇಕಾಗಿಲ್ಲ. ಬಟ್ಟಲಿನಿಂದ ಕೈಗೆ ಬಂದರೆ ಸಾಕು. ತಕ್ಕಡಿ ಹತ್ತಿದ್ದಕ್ಕೆ ಒಂದು ಬೀಜ, ಪಂಜರಕ್ಕೆ ಮರಳಿದ್ದಕ್ಕೆ ಒಂದು ಬೀಜ. ಕೇಳಿದ್ದಕ್ಕೆ ಇಲ್ಲವೆನ್ನಲಾರದ ಆ ತಾಯಿಗೆ ಇದರಿಂದ ದೊಡ್ಡ ಸಮಾಧಾನವಾಯಿತು. ಮೊದಲು ದಿನಕ್ಕೆರಡು ಬಾರಿ ಬಟ್ಟಲು ಸುರಿದು ಹೋಗುತ್ತಿದ್ದವರು ಈಗ ದಿನಕ್ಕೆ ಹತ್ತು ಬಾರಿ ಕೈಯಿಂದ ಕೊಡುತ್ತಾರೆ. ಕೊಡುವುದು ಒಟ್ಟು ಹತ್ತೇ ಬೀಜ.

ಐದು ತಿಂಗಳಲ್ಲಿ ರಾಜಣ್ಣನ ತೂಕ 540ರಿಂದ 485ಕ್ಕೆ ಇಳಿಯಿತು. ವಾರಕ್ಕೆ ಮೂರು ಗ್ರಾಮಿಗಿಂತಲೂ ಕಡಮೆ. ಎರಡನೆಯ ರಕ್ತಪರೀಕ್ಷೆಯಲ್ಲಿ ಯಕೃತ್ತು ಸುಧಾರಿಸಿದೆ. ಪೂರ್ತಿ ಗುಣವೆಂದು ವೈದ್ಯರು ಹೇಳಿಲ್ಲ. ಕ್ಯಾರೆಟ್ಟನ್ನು ಈಗಲೂ ಎಸೆಯುತ್ತದೆ. ಅದರ ಬದಲು ಗುಂಬಳ ತಿನ್ನುವುದರಿಂದ ಯಾರೂ ಒತ್ತಾಯಿಸುತ್ತಿಲ್ಲ.

ಜೀವಸತ್ತ್ವದ ಹನಿಗಳನ್ನು ನೀರಿಗೆ ಬೆರೆಸಿದರೆ ಇಷ್ಟೆಲ್ಲ ತೊಂದರೆ ಏಕೆ ಎಂದು ಕೇಳುವವರಿದ್ದಾರೆ. ನೀರಿನ ರುಚಿ ಕೆಟ್ಟು ಗಿಣಿ ನೀರನ್ನೇ ಬಿಟ್ಟೀತು. ಹನಿಯೂ ಬೇಗ ಸತ್ತ್ವ ಕಳೆದುಕೊಳ್ಳುತ್ತದೆ, ನೀರಿನಲ್ಲಿ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಬೀಜದ ಮೇಲೆ ಜೀವಸತ್ತ್ವ ಲೇಪಿಸಿದೆಯೆಂದು ಚೀಲದ ಮೇಲೆ ಅಚ್ಚು ಹಾಕಿರುವುದನ್ನೂ ನಂಬಬೇಡಿ. ಗಿಣಿ ಬೀಜವನ್ನು ಸುಲಿದು ತಿನ್ನುತ್ತದೆ. ಲೇಪವೆಲ್ಲ ಸಿಪ್ಪೆಯೊಡನೆ ಕಸದ ಬುಟ್ಟಿಗೆ. ಬೇಯಿಸಿದ ಅಥವಾ ಹೆಚ್ಚಿದ ತಿನಿಸನ್ನು ನಮ್ಮ ಬೇಸಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಪಂಜರದಲ್ಲಿ ಬಿಡಬಾರದು. ಗಿಣಿ ಮೈಯುಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿದ್ದರೆ, ಉಸಿರಿನೊಂದಿಗೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಒಂದು ಹಗಲು ಪೂರ್ತಿ ಏನನ್ನೂ ಮುಟ್ಟದಿದ್ದರೆ, ಪಥ್ಯದ ಪುಸ್ತಕವನ್ನು ಮುಚ್ಚಿಟ್ಟು ಅಂದೇ ವೈದ್ಯರಲ್ಲಿಗೆ ಒಯ್ಯಿರಿ. ಹೋಗುವಾಗ ತೂಕ ಬರೆದ ಕ್ಯಾಲೆಂಡರೂ ಜೊತೆಯಲ್ಲಿರಲಿ.